ಎರಡನೇ ಆಟಕ್ಕೆ ಕ್ಯಾಚರ್

ಜನವರಿ 13, 2007. ಶನಿವಾರ, ಸಂಜೆ 6

ಸ್ಕೋರ್‌ಬುಕ್ ನೀಟಾಗಿ ಕಾಪಿ ಮಾಡಿ ಮುಗಿಸಿದೆ. 9–2. ಸೋತೆವು. ಸಾಫ್ಟ್‌ಬಾಲ್ ಫೋರಮ್‌ನಲ್ಲಿ ನಮ್ಮ ಥ್ರೆಡ್‌ಗೆ ಹಾಕಿದೆ. ಎರಡೇ ನಿಮಿಷಕ್ಕೆ ಯಾರೋ ಕೆಳಗೆ, "ಹೆರನ್ಸ್ ಟೀಮ್ ಇನ್ನೂ ಇದೆಯಾ?"

ಪ್ರಶ್ನೆ ಸರಿಯಾಗಿಯೇ ಇದೆ. ಬೆಕಿ ಕ್ರೈಸ್ಟ್‌ಚರ್ಚ್‌ಗೆ ಹೊರಟಿದ್ದಾಳೆ, ಯೂನಿವರ್ಸಿಟಿಗೆ. 20ರ ಶನಿವಾರವೇ ಅವಳ ಕೊನೆಯ ಆಟ. ರಿಕ್ಕರ್ಟನ್‌ನಲ್ಲಿ ಫ್ಲ್ಯಾಟ್ ಸಿಕ್ಕಿದೆ, ಫ್ಲ್ಯಾಟ್‌ಮೇಟ್‌ಗೆ ನಾಯಿ ಇದೆ. ಎಲ್ಲರೂ ನಾಯಿಯ ಹೆಸರು ಕೇಳಿದರು. ನಾನು ಲೆಕ್ಕ ಹಾಕುತ್ತಿದ್ದೆ. ಬೆಕಿ ನಮ್ಮ ಎರಡನೇ ಕ್ಯಾಚರ್, ಬ್ಯಾಟ್ ಮಾಡುವವಳ ಹಿಂದೆ ಚೆಂಡು ಹಿಡಿಯುವವಳು. ಮೊದಲನೆಯವಳು ಲೋಸಾ, ಅವಳ ಹೆಬ್ಬೆರಳು ಊದಿಕೊಂಡು ಟೇಪ್‌ನಲ್ಲಿದೆ. ಶನಿವಾರಕ್ಕೆ ಒಂದು ಆಟ ಆಡಬಹುದು, ಎರಡಾಗದು. ನಮಗೆ ಪ್ರತಿ ಶನಿವಾರ ಎರಡು ಆಟ. ಲೋಸಾ ಕೂತರೆ ಎಂಟೇ ಜನ. ಬೇಕಾದದ್ದು ಒಂಬತ್ತು.

ನವೆಂಬರ್‌ನಲ್ಲೇ ಜನ ಸಾಲದೆ ಎರಡು ಆಟ ಬಿಟ್ಟುಕೊಟ್ಟಿದ್ದೇವೆ. ಮೂರನೆಯದೂ ಬಿಟ್ಟರೆ ಟೀಮನ್ನು ಲೀಗ್‌ನಿಂದಲೇ ತೆಗೆಯುತ್ತಾರೆ. ಅಷ್ಟೇ, ಹೆರನ್ಸ್ ಮುಗಿಯಿತು. ಕೋಚ್ ಟ್ರೇಸಿ ಹೇಳಿದಳು, ಕ್ಲಬ್ಬಿನಲ್ಲಿ ಉಳಿದಿರುವುದು ನೂರೆಂಬತ್ತು ಡಾಲರ್, ಯಾರನ್ನೂ ಕೊಂಡುಕೊಳ್ಳಲು ಆಗುವುದಿಲ್ಲ.

"ನಾನು ಹುಡುಕ್ತೀನಿ" ಅಂದೆ.

ಯಾಕೆ ಅಂದೆನೋ. ನಾನು ಸ್ಕೋರ್ ಬರೆಯುವವಳು. ಎರಡು ವರ್ಷದ ಹಿಂದೆ ಒಂದೇ ಸಲ ಆಡಲು ಹೋಗಿ ಕನ್ನಡಕ ಎರಡು ತುಂಡಾಯಿತು. ಆದರೂ... ಅಂದಾಯಿತು.

ಜನವರಿ 14, ಭಾನುವಾರ

ಹೊಸ ಥ್ರೆಡ್ ಹಾಕಿದೆ: "ಕ್ಯಾಚರ್ ಬೇಕು". ಹದಿನೆಂಟು ಉತ್ತರ, ಹನ್ನೆರಡು ತಮಾಷೆ. ಉಳಿದವರಲ್ಲಿ ಹ್ಯಾಮಿಲ್ಟನ್‌ನ ಒಬ್ಬಳಿಗೆ ಪ್ರತಿ ಆಟಕ್ಕೂ ಪೆಟ್ರೋಲ್ ಜೊತೆಗೆ ಹೊಸ ಪ್ಯಾಡ್, ಹೊಸ ಮಾಸ್ಕ್ ಬೇಕಂತೆ. ಉಳಿದ ಎಲ್ಲ ಹೆಸರು ಸೇರಿಸಿ ಸ್ಪ್ರೆಡ್‌ಶೀಟ್ ಮಾಡಿದೆ. ಬ್ಯಾಟಿಂಗ್, ವಯಸ್ಸು, ದೂರ, ಖರ್ಚು. ಬಣ್ಣ ಕೂಡ ಹಾಕಿದೆ.

ತಮ್ಮ ಶ್ರೀವತ್ಸ ಇಣುಕಿ ನೋಡಿ ನಕ್ಕ. ಈ ದಿನಚರಿಯಾದರೂ ಸೇಫ್. ಅವನಿಗೆ ಕನ್ನಡ ಓದಲು ಬಾರದು.

ಜನವರಿ 15, ಸೋಮವಾರ

ಬೆಳಿಗ್ಗೆ ಐದು ಫೋನ್, ಐದೂ "ಸಾರಿ". ಟ್ರೇಸಿಗೆ ಸ್ಪ್ರೆಡ್‌ಶೀಟ್ ತೋರಿಸಿದೆ. ಬಹಳ ಹೊತ್ತು ನೋಡಿದಳು.

"ಸಿಂಚ್, ಇದರಲ್ಲಿ ಮಂಡಿಗೆ ಕಾಲಮ್ ಇಲ್ವಲ್ಲ."

"ಮಂಡಿಗಾ?"

"ಬ್ಯಾಟಿಂಗ್ ಸೊನ್ನೆ ಇದ್ರೂ ನಡಿಯುತ್ತೆ. ಒಂದೂವರೆ ಗಂಟೆ ಕುಕ್ಕರಗಾಲಲ್ಲಿ ಕೂತು ಏಳೋರು ಬೇಕು."

ಎರಡು ವರ್ಷ ಥ್ರೆಡ್ ಓದಿದ್ದೇನೆ. ಮಂಡಿಯ ಬಗ್ಗೆ ಯಾರೂ ಒಂದು ಸಾಲು ಬರೆದಿಲ್ಲ.

ಸಂಜೆ ಅಮ್ಮ ಎಳ್ಳುಬೆಲ್ಲ ಕೊಟ್ಟು ನೀಲಗಂಗಾ ಆಂಟಿಯ ಮನೆಗೆ ಕಳಿಸಿದರು. ಎರಡು ಬೀದಿ ಆಚೆ, ಗದಗದವರು. ಆಂಟಿ ಹಿತ್ತಲಲ್ಲಿ ಮೆಂತ್ಯ ಬಿತ್ತುತ್ತಿದ್ದರು. ಕುಕ್ಕರಗಾಲಲ್ಲಿ. ನಾನು ಹೋದಾಗಿನಿಂದ ಮಾತು ಮುಗಿಯುವವರೆಗೂ ಹಾಗೇ. ಒಮ್ಮೆಯೂ ಕೈ ಊರಲಿಲ್ಲ. ಒಳಗೆ ಫೋನ್ ರಿಂಗಾಯಿತು, ಒಂದೇ ನೆಗೆತಕ್ಕೆ ಎದ್ದು ಬಾಗಿಲಲ್ಲಿದ್ದರು.

"ಆಂಟಿ, ಕಾಲು ನೋಯಲ್ವಾ?"

"ಕಾಲ್ಯಾಕ ನೋಯ್ತಾವ? ಖೋ ಖೋದಾಗ ಹಿಂಗ ಕುಂತು ಕುಂತು ಹೈಸ್ಕೂಲು, ಕಾಲೇಜು ಎರಡೂ ಮುಗಿಸೇನಿ."

ಒಳಗಿನಿಂದ ಅವರ ಗಂಡ ಫಕೀರಪ್ಪ ಅಂಕಲ್: "ಮದುವಿ ಆದಾಗಿಂದ ನಾ ಓಡಿಹೋಗೋ ವಿಚಾರನ ಬಿಟ್ಟೇನಿ, ಸಿಂಚನಾ. ಎರಡ ಹೆಜ್ಜ್ಯಾಗ ಹಿಡೀತಾಳ."

ಅಲ್ಲೇ ಕೇಳಿಬಿಟ್ಟೆ. ಕ್ಯಾಚರ್ ಅಂದರೆ ವಿಕೆಟ್ ಕೀಪರ್ ಥರ ಅಂದೆ. ಇನ್ನೊಂದು ಆಟ ಬಿಟ್ಟುಕೊಟ್ಟರೆ ಟೀಮೇ ಹೋಗುತ್ತದೆ ಅಂತಲೂ ಹೇಳಿದೆ. ಆಂಟಿ ಕೈಯ ಮಣ್ಣು ಕೊಡವಿದರು.

"ಚೆಂಡು ಹಿಡಿದಾಕಿ ಅಲ್ಲವ್ವ ನಾ. ಕಲಸ್ತೀಯೇನು?"

ಜನವರಿ 19, ಶುಕ್ರವಾರ

ಆಂಟಿಯ ಡ್ರೈವ್‌ವೇನಲ್ಲಿ ದಿನಾ ನನ್ನ ಅರವತ್ತು ಎಸೆತ. ಅವರ ಹಿಂದೆ ಕಸದ ವೀಲಿ ಬಿನ್. ಮೊದಲ ದಿನ ನಲವತ್ತೊಂದು ಬಿಟ್ಟರು. ಇವತ್ತು ಹದಿನೇಳು. ಬಿನ್‌ಗೆ ಎರಡು ಕಡೆ ಗುಳಿ ಬಿದ್ದಿದೆ. ಬೆರಳಿಗೆ ಪೆಟ್ಟಾದರೆ ಉಫ್ ಅಂತ ಊದಿ "ಇನ್ನೊಂದು ಒಗಿ" ಎನ್ನುತ್ತಾರೆ.

ಥ್ರೆಡ್‌ನಲ್ಲಿ ಹೇಳಿದೆ: ಸಿಕ್ಕಿದರು, ಮೂವತ್ತಾರು ವರ್ಷ, ಖೋ ಖೋ ಆಟಗಾರ್ತಿ. ಸಾಲು ಸಾಲು ನಗುವ ಮುಖ. ಒಬ್ಬ: "ಮುಟ್ಟಾಟದ ಆಂಟಿಯಾ?" ಉದ್ದ ಉತ್ತರ ಟೈಪ್ ಮಾಡಿದೆ. ಅಳಿಸಿದೆ. "27ಕ್ಕೆ ಬಂದು ನೋಡಿ" ಎಂದಷ್ಟೇ ಹಾಕಿದೆ.

ಜನವರಿ 25, ಗುರುವಾರ

ಬೆಕಿ ಹೋದಳು. ಆಂಟಿ ಈಗ ನಮ್ಮ ಪಿಚರ್ ಹಿನೆಯ ಎಸೆತಕ್ಕೇ ಕೂತಿದ್ದಾರೆ, ನನ್ನದಕ್ಕಲ್ಲ. ಅರವತ್ತಕ್ಕೆ ಎಂಟು ಬಿಟ್ಟರು. ಎಂಟು! ಟ್ರೇಸಿ ಫಾರ್ಮ್ ತುಂಬಿ ಫೀ ಕಟ್ಟಿದಳು. ಬೆಕಿಯ ಹಳೇ ಪ್ಯಾಡ್‌ನ ಪಟ್ಟಿ ಹರಿದಿತ್ತು, ಆಂಟಿಯೇ ಹೊಲಿದರು.

ಜನವರಿ 27, ಶನಿವಾರ, ಸಂಜೆ 5

ಎರಡನೇ ಆಟ. ಆಂಟಿ ಪೂರ್ತಿ ಕೂತರು. ಸುಸ್ತಿಲ್ಲ. ಚೆಂಡು ಬಿಟ್ಟದ್ದು ನಾಲ್ಕು ಸಲ, ಲೋಸಾ ಮೊದಲ ಆಟದಲ್ಲಿ ಬಿಟ್ಟದ್ದು ಮೂರು.

ಕೊನೆಯಲ್ಲಿ 6–6. ಎದುರು ಟೀಮಿನ ಹುಡುಗಿ ಮೂರನೇ ಬೇಸ್‌ನಿಂದ ಹೋಮ್‌ಗೆ, ಆಂಟಿ ಇದ್ದ ಕಡೆಗೆ, ಓಡಿ ಬಂದಳು. ತಲುಪಿದರೆ ರನ್, ಅಷ್ಟರಲ್ಲಿ ಮುಟ್ಟಿದರೆ ಔಟ್. ಚೆಂಡು ಆಂಟಿಗೆ ಬಂತು, ಹಿಡಿದರು, ಎಡಗೈ ಗ್ಲವ್‌ನಲ್ಲಿ ಭದ್ರ. ಚಿಗರೆ ಥರ ಹಾರಿ ಆ ಹುಡುಗಿಯ ಬೆನ್ನಿಗೆ ಬಲಗೈಯಿಂದ ಪಟ್ ಅಂತ ಹೊಡೆದರು. ಬರಿಗೈಯಿಂದ.

ಅಂಪೈರ್ ಸೇಫ್, ಔಟಿಲ್ಲ ಅಂದ. 7–6, ಸೋತೆವು.

ಚೆಂಡಿರುವ ಕೈಯಲ್ಲೇ ಮುಟ್ಟಬೇಕು. ನಾನು ಹೇಳಿರಲಿಲ್ಲ. ಹನ್ನೆರಡು ದಿನ ಏನೇನೋ ಹೇಳಿದೆ, ಇದೊಂದನ್ನು ಬಿಟ್ಟು. ಇಲ್ಲಿ ಎಲ್ಲರಿಗೂ ಐದು ವರ್ಷಕ್ಕೇ ಗೊತ್ತಿರುತ್ತದೆ, ಹಾಗಾಗಿ ಯಾವ ಥ್ರೆಡ್‌ನಲ್ಲೂ ಇಲ್ಲ.

ಆಂಟಿ ಮಾತ್ರ ಎರಡೂ ಕೈ ಮೇಲೆತ್ತಿ ನಗುತ್ತಾ ನಿಂತಿದ್ದರು. ಔಟ್ ಮಾಡಿದೆ ಅಂದುಕೊಂಡು.

ಜನವರಿ 31, ಬುಧವಾರ

ಆಂಟಿ ಫೋನ್ ಎತ್ತುತ್ತಿಲ್ಲ.

ಫೆಬ್ರವರಿ 1, ಗುರುವಾರ

ಮನೆಗೇ ಹೋದೆ. ಪ್ಯಾಡ್, ಮಾಸ್ಕ್ ಎಲ್ಲ ತೊಳೆದು ಚೀಲದಲ್ಲಿಟ್ಟು ಬಾಗಿಲ ಹತ್ತಿರ ಇಟ್ಟಿದ್ದರು.

"ನಾ ಬರಂಗಿಲ್ಲವ್ವ."

"ಆಂಟಿ, ತಪ್ಪು ನಂದು. ನಾನು ಹೇಳ್ಲೇ ಇಲ್ಲ."

"ನೀ ಹೇಳಿಲ್ಲ, ನಾ ಕೇಳಿಲ್ಲ. ಅದಕ್ಕಲ್ಲ. ಕೈ ಎತ್ತಿ ನಿಂತಿದ್ನಲ್ಲ, ಎಷ್ಟೊತ್ತು ನಿಂತಿದ್ದೆ? ಒಬ್ಬಾಕಿರ ಬಂದು ಏ ಹುಚ್ಚಿ, ಸೋತೀವಿ ಅಂದಳೇನು? ಎಲ್ಲಾರೂ ಗುಡ್ ಎಫರ್ಟ್, ಗುಡ್ ಎಫರ್ಟ್. ಸಣ್ಣ ಕೂಸಿಗೆ ಅಂದಂಗ."

"ಇಲ್ಲಿ ಹಾಗೇ ಆಂಟಿ, ಯಾರೂ ಬೈಯಲ್ಲ."

"ಮತ್ತ ನಾ ಅವರ ಟೀಮಿನಾಕಿ ಹೆಂಗಾದೆ? ನಮ್ಮ ಮಾಸ್ತರು, ನಮ್ಮ ಹುಡುಗ್ಯಾರು, ತಪ್ಪ ಮಾಡಿದ್ರ ಮೈದಾನದಾಗ ಜಾಡಸ್ತಿದ್ರು. ಬೈಲಿಲ್ಲಂದ್ರ ನಾ ಬೀಗರು ಇದ್ದಂಗ. ಬೀಗರು ಉಂಡು ಮನಿಗೆ ಹೋಗಬೇಕು."

ಚೀಲ ತೆಗೆದುಕೊಳ್ಳಲಿಲ್ಲ. ಅಲ್ಲೇ ಬಿಟ್ಟು ಬಂದೆ. ದಾರಿಯಿಂದಲೇ ಲೋಸಾಗೆ ಫೋನ್ ಮಾಡಿದೆ.

"ನಾಳೆ ಒಂದು ಹೆಲ್ಪ್ ಬೇಕು. ಒಬ್ಬರಿಗೆ ಬೈಬೇಕು."

ಲೋಸಾ ಯಾಕೆ ಎಂದು ಕೇಳಿದಳು. ಪೂರ್ತಿ ಹೇಳಿದೆ. "ನಮ್ಮ ಆಂಟಿಯರೂ ಸೇಮ್" ಎಂದಳು.

ಫೆಬ್ರವರಿ 2, ಶುಕ್ರವಾರ

ಲೋಸಾ ಬೆಲ್ ಕೂಡ ಒತ್ತಲಿಲ್ಲ. ಡ್ರೈವ್‌ವೇನಿಂದಲೇ ಶುರು.

"ನೀಲಾ! ಚೆಂಡು ಒಂದು ಕೈಲಿ, ಬೆನ್ನು ತಟ್ಟೋದು ಇನ್ನೊಂದು ಕೈಲಿ? ಅವಳೇನು ನಿನ್ನ ಕಸಿನ್ನಾ?"

ಆಂಟಿ ಹೊರಗೆ ಬಂದರು. ಸೊಂಟದ ಮೇಲೆ ಕೈ. ಮೊದಲು ಇಂಗ್ಲಿಷ್‌ನಲ್ಲಿ, ಆಮೇಲೆ ಇಂಗ್ಲಿಷ್ ಸಾಲದೆ ಕನ್ನಡದಲ್ಲಿ: "ನೀ ಏನ್ ಕಡಿಮಿ? ಮೊದಲನೇ ಆಟದಾಗ ಮೂರು ಸಲ ಬಿಟ್ಟಿ. ಹೆಬ್ಬಟ್ಟಿಗೆ ಅರಿಷಿಣ ಹಚ್ಚಲಾರದ ಬರೀ ಟೇಪ್ ಸುತ್ತಿದ್ರ ಹೆಂಗ ಇಳೀತದ ಬಾವು?"

ಇಪ್ಪತ್ತು ನಿಮಿಷ. ಪಕ್ಕದ ಮನೆಯವರು ಪರದೆ ಸರಿಸಿ ನೋಡಿದರು. ಫಕೀರಪ್ಪ ಅಂಕಲ್ ನನಗೊಂದು ಕುರ್ಚಿ ತಂದುಕೊಟ್ಟರು. ಕೊನೆಗೆ ಲೋಸಾ ಚೆಂಡು ಹಿಡಿದು ಓಡಿದಳು, ಆಂಟಿ ಅಟ್ಟಿಸಿಕೊಂಡು ಹೋದರು, ಆಮೇಲೆ ಆಂಟಿ ಚೆಂಡು ಹಿಡಿದು ಲೋಸಾಳನ್ನು ಅಟ್ಟಿದರು. ಚೆಂಡಿದ್ದ ಗ್ಲವ್‌ನಿಂದಲೇ ಮುಟ್ಟಿದರು. ಮೂವತ್ತು ಸಲ ಇರಬೇಕು. ಎಣಿಸುವುದು ಮರೆತೆ.

ಹೊರಡುವಾಗ, ನಾಳೆ ಬರ್ತೀರಾ ಎಂದು ಕೇಳಿದೆ. "ನೋಡೂಣು" ಅಂದರು. ಅಷ್ಟೇ.

ಫೆಬ್ರವರಿ 3, ಶನಿವಾರ, ಮಧ್ಯಾಹ್ನ 1.10

ಮೊದಲ ಆಟ ಹೋಯಿತು, 5–4. ಲೋಸಾ ಬೆರಳಿಗೆ ಐಸ್ ಇಟ್ಟು ಕೂತಿದ್ದಾಳೆ. ಎರಡನೆಯದು ಒಂದೂವರೆಗೆ. ಹೆಸರಿನ ಶೀಟ್ 1.20ರೊಳಗೆ ಅಂಪೈರ್ ಕೈಗೆ. ಶೀಟ್ ನನ್ನ ಹತ್ತಿರ ಇದೆ. ಎಂಟು ಹೆಸರು. ಟ್ರೇಸಿ ಪಾರ್ಕಿಂಗ್ ಕಡೆಯೇ ನೋಡುತ್ತಿದ್ದಾಳೆ.

1.18

ಬಂದರು. ಪ್ಯಾಡ್ ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದಾರೆ. ಒಂಬತ್ತನೇ ಹೆಸರು ನಾನೇ ಬರೆದೆ, ಓಡಿ ಕೊಟ್ಟೆ. ಇವತ್ತು ನಾವು ಬಿಟ್ಟುಕೊಡುವುದಿಲ್ಲ.

1.50

ಹಿನೆಯ ಎಸೆತ ಮೂರು ಸಲ ಸತತ ಹೊರಗೆ. ಆಂಟಿ ಎದ್ದರು. ಮಾಸ್ಕ್ ಮೇಲೆ ಮಾಡಿಕೊಂಡು ನೇರ ಅವಳ ಹತ್ತಿರ ನಡೆದರು.

"ಎತ್ತಾಗ ನೋಡಿ ಒಗ್ಯಾಕ ಹತ್ತೀಯವ್ವ? ನಾ ಇಲ್ಲಿ ಕುಂತೇನಿ, ಆ ಗಿಡದ ಬುಡಕಲ್ಲ..."

ಹಿನೆ ಎಲ್ಲ ಅರ್ಥವಾದವಳಂತೆ ತಲೆ ಆಡಿಸುತ್ತಿದ್ದಾಳೆ. ಆಂಟಿ ಇನ್ನೂ ನಿಲ್ಲಿಸಿಲ್ಲ. ಅಂಪೈರ್ ವಾಚ್ ನೋಡಿದ. ಟ್ರೇಸಿ ಕೂಗಿದಳು, ಸಿಂಚ್, ಅವರೇನು ಹೇಳ್ತಿದಾರೆ ಅಂತ. ಹೋಗಿ ಹೇಳಬೇಕು, ಆದರೆ ಆ ಮಾತನ್ನೆಲ್ಲ ಇಂಗ್ಲಿಷ್‌ನಲ್ಲಿ ಹೇಗೆ—