ತೊಲೆಯ ಮೇಲಿನ ಕಡಜದ ಗೂಡು

ಮಾಡದಕೆರೆ, ಮೇ ೧೦, ೧೯೧೨, ಶುಕ್ರವಾರ.

ಸೊಸೆ ದಾಕ್ಷಾಯಣಿಯ ಕೋಣೆಯ ತೊಲೆಗೆ ಕಟ್ಟಿದ ಕಡಜದ ಗೂಡು ಇಂದೂ ಇಳಿಯಲಿಲ್ಲ. ಮಧ್ಯಾಹ್ನ ಅವಳಿಗೆ ಮತ್ತೆ ಕಡಜ ಕಚ್ಚಿತು. ಈ ಸಲ ಕೆನ್ನೆಗೆ. ಸುಣ್ಣ ಹಚ್ಚಿದರೂ ಒಂದು ಕಣ್ಣು ಮುಚ್ಚಿಹೋಗುವಷ್ಟು ಬಾವು. ಸಿಟ್ಟಿನಲ್ಲಿ ನಾನೇ ಕೋಲಿಗೆ ಬಟ್ಟೆ ಸುತ್ತಿ ಸೀಮೆಎಣ್ಣೆಯಲ್ಲಿ ಅದ್ದಿದೆ.

ಮನೆಗೆಲಸದ ಕೆಂಚಕ್ಕ ಬಾಗಿಲಿಗೆ ಅಡ್ಡ ನಿಂತಳು. "ಸುಡಬ್ಯಾಡ್ರೀ ಅಮ್ಮಾರೆ! ಕಡಜ ಗೂಡು ಕಟ್ಟಿದ್ರೆ ಮನ್ಯಾಗೆ ಕೂಸು ಹುಟ್ತೈತೆ. ಪದ್ಯ ಓದೋರಿಗೆ ಇಷ್ಟೂ ಗೊತ್ತಿಲ್ಲೇನ್ರಿ?"

"ಹುಟ್ಟೋದು ಕಡಜದ ಕೂಸು ಕಣೆ, ಅತ್ತ ಸರಿ," ಎಂದೆ.

ಯಾರೂ ನಗಲಿಲ್ಲ. ದಾಕ್ಷಾಯಣಿ ಎದ್ದು ಬಂದು ನನ್ನ ಕೈಯ ಕೋಲು ಹಿಡಿದುಕೊಂಡಳು. "ಇರ್ಲಿ ಬಿಡ್ರಿ ಅತ್ತೆ. ಕಚ್ಚಿದ್ರೆ ನನಗೆ ತಾನೆ ಕಚ್ಚೋದು."

ಮದುವೆಯಾಗಿ ಒಂಬತ್ತು ವರ್ಷ. ಈವರೆಗೆ ಅವಳು ನನ್ನಲ್ಲಿ ಏನನ್ನೂ ಬೇಡಿದವಳಲ್ಲ.

ಕೋಲು ಕೆಳಗಿಟ್ಟೆ. ನನಗೆ ಇದರಲ್ಲಿ ನಂಬಿಕೆಯಿಲ್ಲ. ಆದರೆ ಎಷ್ಟು ಓದಿದರೇನು, ಆ ಬಾತ ಮುಖದ ಎದುರು ಅದನ್ನು ಹೇಳಲು ಬಾಯಿ ಬರಲಿಲ್ಲ.

ಈಗಷ್ಟೇ ಅವಳ ಕೋಣೆಯ ಕದ ಮುಂದೆ ಮಾಡಿ ಬಂದೆ. ತೊಲೆ ಅದುರಬಾರದೆಂದು ಮೆಲ್ಲಗೆ, ಎರಡೂ ಕೈಯಲ್ಲಿ ಹಿಡಿದು. ನಾನೂ ಕೆಂಚಕ್ಕನಂತೆ ನಂಬತೊಡಗಿದೆನೇನೋ.