ತಲಿ ಕಾಣದ ಕುರಿ

ಝರಾಸಂಗಂ, ಮಂಗಳವಾರ

ಅಪ್ಪ, ಶರಣ್ರಿ.

ಶೂಟಿಂಗಿಗಿ ಮೊದಲ ಒಂದೊಂದು ಶಾಟಿನ ಚಿತ್ರ ಕಾಗದದ ಮ್ಯಾಲ ಬರದು ಕ್ಯಾಮರಾಮನ್ನರಿಗಿ ಕೊಡೋದು ನನ್ನ ಕೆಲಸ ಅಂತ ಹೇಳಿದ್ನಲ್ರಿ. ಸುಡು ಮಧ್ಯಾಹ್ನದ ಶಾಟಿಗಿ ನಾ ಒಂದು ಕುರಿದೂ ಮಾರಿ ಬರದಿದ್ದಿಲ್ಲ. "ತಲಿ ಎಲ್ಲಿ ಮರ್ತಿ?" ಅಂತ ಡೈರೆಕ್ಟರ್ ಎಲ್ಲರ ಮುಂದ ನಕ್ಕರು. ಕ್ಯಾಮರಾಮನ್ ಮಾತ್ರ ನನ್ನ ಚಿತ್ರ ನಂಬಿ, ಅದರಾಗ ಇದ್ದಂಗ ಕ್ಯಾಮರಾ ನೆಲದ ಮಟ್ಟಕ್ಕ ಇಟ್ರು.

ನಿನ್ನಿ ಬಿಸಿಲೇರಿದ ಕೂಡ್ಲೇ ಕುರಿ ಎಲ್ಲಾ ಒಂದರ ಹೊಟ್ಟಿ ಕೆಳಗ ಒಂದು ತಲಿ ಇಟ್ಟು ನಿಂತ್ವು, ನಾ ಬರದಂಗೇ! ಒಂದೇ ಟೇಕಿಗಿ ಓಕೆ ಆತು. "ನಮ್ಮಪ್ಪ ಖಂಡೆಪ್ಪನ ಹಿಂದ ಕುರಿ ಕಾದು ಕಲ್ತಿದ್ದು" ಅಂದೆ.

ಇನ್ನೊಂದು ಶಾಟ್ ಉಳದದ. ಮಳಿ ಬರೋ ಮೊದಲ ಕುರಿ ಯಾವ ಕಡಿ ಮಾರಿ ಮಾಡ್ತಾವ? ಲಗೂನ ತಿಳಸ್ರಿ. ನಕ್ಕಿದ್ದ ಡೈರೆಕ್ಟರೇ "ಖಂಡೆಪ್ಪನೋರು ಹೇಳೋತನ ಕ್ಯಾಮರಾ ಇಡಂಗಿಲ್ಲ" ಅಂದು ಕುಂತಾರ.

ನಿಮ್ಮ ಮಗಳು,
ಸೌಂದರ್ಯಾ