ಒಂದು ನಂಬರು, ಎರಡು ಹೆಸರು

ಮಾರ್ಚ್ 3, ಸೋಮವಾರ

ಹಿರಿಯೂರು ಬಿಸಿಲು. ಆದಿವಾಲದ ಕಡೆಯ ಹಟ್ಟಿಯಿಂದ ನಮ್ಮ ಆಸ್ಪತ್ರೆಗೆ ನಾಯಿ ಕಡಿತದವರು ಆರು ಜನ. ಎಲ್ಲರಿಗೂ ಮೊದಲ ಇಂಜೆಕ್ಷನ್ ಆಯಿತು. ಹೆಸರು, ಫೋನ್ ನಂಬರು ಕಂಪ್ಯೂಟರಿಗೆ ಟೈಪ್ ಮಾಡಿದೆ. ಶಾಂತಿ, ಆರು ವರ್ಷ — ಕೆನ್ನೆಗೇ ಕಚ್ಚಿದೆ. ಬಿಡಿಸಲು ಹೋದ ಅಜ್ಜಿ ಓಬಮ್ಮನಿಗೆ ಕೈಗೆ. ಇಬ್ಬರಿಗೂ ಒಂದೇ ಫೋನು.

ಮುಂದಿನ ಡೋಸಿಗೆ ತಾನಾಗಿಯೇ ಮೆಸೇಜ್ ಹೋಗುವ ಪ್ರೋಗ್ರಾಂ ನಾನೇ ಬರೆದದ್ದು. ಡಾಕ್ಟರ್ ನಾಗಭೂಷಣ ಹೊಗಳಿದರು. ಜಂಬ ಬಂತು, ಸುಳ್ಳೇಕೆ. ಮೆಸೇಜ್ ಬಂದವರು ಬಂದರೆ ಸಾಕು ಅಂತ ಹಟ್ಟಿಯವರಿಗೆಲ್ಲ ಹೇಳಿ ಕಳಿಸಿದೆ.

ಮಾರ್ಚ್ 10, ಬೆಳಿಗ್ಗೆ 11

ಓಬಮ್ಮ ಮೂರನೇ ಡೋಸಿಗೆ ಬಂದರು. ಒಬ್ಬರೇ. ಶಾಂತಿ ಎಲ್ಲಿ ಅಂದೆ.

"ಅವ್ಳು ಅವ್ರಜ್ಜನ ಸಂಗಡ ಕುರಿ ಹಿಂದೆ ಹೋಗ್ಯಾಳೆ, ರಾಮಗಿರಿ ಕಡೀಕೆ. ಹೋದ್ ಸಲಾನೂ ನನ್ ಹೆಸ್ರಿಗೇ ಬಂತಲ್ಲಮ್ಮ ಮೆಸೇಜು. ಮಗೀಗೆ ಒಂದೇ ಸೂಜಿ ಸಾಕು ಅಂದ್ಕಂಡ್ವಿ."

ಓಡಿಹೋಗಿ ಪ್ರೋಗ್ರಾಂ ತೆರೆದೆ.

11.40

ಸಿಕ್ಕಿತು. ನನ್ನದೇ ತಪ್ಪು. ಪ್ರೋಗ್ರಾಮಿನ ಡಿಕ್ಷನರಿಯಲ್ಲಿ, ಅಂದರೆ ಹೆಸರು ಕೂಡಿಡುವ ಪಟ್ಟಿಯಲ್ಲಿ, ಫೋನ್ ನಂಬರನ್ನೇ ಕೀ, ಅಂದರೆ ಗುರುತು, ಮಾಡಿದ್ದೆ. ಒಂದು ಕೀಗೆ ಒಂದೇ ಹೆಸರು. ಮೊದಲು ಶಾಂತಿ, ಆಮೇಲೆ ಅದೇ ನಂಬರಿಗೆ ಓಬಮ್ಮ... ಶಾಂತಿ ಅಳಿಸಿಹೋದಳು. ಒಂದೇ ಗೂಟಕ್ಕೆ ಇನ್ನೊಂದು ಕುರಿ ಕಟ್ಟಲು ಮೊದಲನೆಯದನ್ನು ಬಿಚ್ಚಿಬಿಟ್ಟಂತೆ.

ಕೀ ಮುಂದೆ ಲಿಸ್ಟ್ ಇಟ್ಟು, ಬಂದ ಹೆಸರನ್ನೆಲ್ಲ ಅದಕ್ಕೆ ಸೇರಿಸುತ್ತಾ ಹೋಗಬೇಕಿತ್ತು. ಎರಡು ಸಾಲು ತಿದ್ದಿದೆ. ಈಗ ಆ ನಂಬರಿನಡಿ ಇಬ್ಬರೂ ಇದ್ದಾರೆ. ಉಳಿದ ನಾಲ್ವರದು ಬೇರೆ ಬೇರೆ ನಂಬರು, ಬಚಾವು.

ಹಟ್ಟಿಯಲ್ಲಿ ಮನೆಗೊಂದು ಫೋನು. ಗೊತ್ತಿರಲಿಲ್ಲವೇ? ನಾನು ಹುಟ್ಟಿದ್ದೂ ಹಟ್ಟಿಯಲ್ಲೇ. ಪೆದ್ದು, ಪೆದ್ದು.

ಡಾಕ್ಟರಿಗೆ ಹೇಳಬೇಕು.

12.15

ಹೇಳಿದೆ. ಬೈಯಲಿಲ್ಲ. ಅದೇ ಹೆಚ್ಚು ಭಯ.

"ಮುಖಕ್ಕೆ ಕಚ್ಚೈತಲ್ರೀ ಸುಷ್ಮಿತಾ, ಮೆದುಳಿಗೆ ಹತ್ರ. ಬೇರೆ ಮಾತು ಆಮೇಲೆ. ಮೊದ್ಲು ಮಗು ಹುಡುಕ್ರಿ."

ಮಾರ್ಚ್ 11, ಸಂಜೆ

ರಾಮಗಿರಿ ಗುಡ್ಡದ ಹಿಂದೆ ಸಿಕ್ಕರು. ಜೀಪು ಕಂಡು ಪಾಲಯ್ಯಜ್ಜ ಕೋಲು ಊರಿ ನಿಂತರು.

"ಮೆಸೇಜೇ ಕಳ್ಸಿಲ್ಲ, ಈಗ ಜೀಪ್ ತಂದೀರಿ. ಏನಾಗೈತೆ, ನಿಜ ಹೇಳು ತಾಯಿ."

ನಿಜ ಹೇಳಿದೆ. ಅಜ್ಜ ಕೋಲು ಬದಿಗಿಟ್ಟರು. ಮೊಮ್ಮಗಳನ್ನು ಎತ್ತಿ ಜೀಪಿನಲ್ಲಿ ಕೂರಿಸಿದರು. ಜೊತೆಗೆ ಬಂದಿದ್ದ ನರ್ಸ್ ಅಲ್ಲೇ ಸೂಜಿ ಹಾಕಿದಳು. ಆರನೇ ತಾರೀಖಿಗೆ ಬೀಳಬೇಕಿದ್ದ ಎರಡನೇ ಡೋಸು, ಐದು ದಿನ ತಡ. ಸಾಕಾಗುತ್ತದಾ ಅಂತ ಕೇಳಲು ಧೈರ್ಯ ಬರಲಿಲ್ಲ.

ಮಾರ್ಚ್ 17, ಮಧ್ಯಾಹ್ನ 3

ಶಾಂತಿಗೆ ನಿನ್ನೆಯಿಂದ ಜ್ವರ. ವಾರ್ಡಿನಲ್ಲಿದ್ದಾಳೆ.

"ಮಾಮೂಲಿ ಜ್ವರಾನೂ ಇರ್ಬೋದು. ನೀರು ಕುಡೀತಾಳಾ ನೋಡ್ತಿರ್ರಿ" ಅಂದು ಹೋದರು ಡಾಕ್ಟರ್. ನೀರು ಯಾಕೆ ಅಂತ ನನಗೆ ಗೊತ್ತು: ಹುಚ್ಚುನಾಯಿ ರೋಗ ಹತ್ತಿದವರು ನೀರು ಕಂಡರೆ ಬೆದರುತ್ತಾರೆ. ಓಬಮ್ಮನಿಗೂ ಗೊತ್ತು. ನನ್ನ ಮುಖ ನೋಡುತ್ತಿಲ್ಲ.

ಮಂಚದ ಪಕ್ಕ ಕೂತು ಬರೆಯುತ್ತಿದ್ದೇನೆ.

ಶಾಂತಿ ಬಾಯಾರಿಕೆ ಅಂದಳು. ಓಬಮ್ಮ ಲೋಟ ಕೊಟ್ಟರು. ಎರಡು ಕೈಯಲ್ಲೂ ಹಿಡಿದುಕೊಂಡಿದ್ದಾಳೆ. ನೀರನ್ನೇ ನೋಡುತ್ತಿದ್ದಾಳೆ. ಇನ್ನೂ ಕುಡಿದಿಲ್ಲ. ಕುಡಿ ಪುಟ್ಟಿ. ಲೋಟ ಬಾಯಿ ಹತ್ತಿರ—